ಹೋಗುವಾಗ ಸಡಿಲ, ಬರುವಾಗ ಬಿಗಿ

ನಮ್ಮ ಸೋದರಮಾವನ ಪ್ರಕಾರ ಈ ಭೂಮಿಯ ಮೇಲೆ ಇರುವುದು ಎರಡೇ ಜಾತಿ. ಗಾಳಿಯಲ್ಲಿ ನೆಟ್ಟಗೆ ಹೋಗುವ ವಸ್ತುಗಳದು ಒಂದು, ಹೋಗದವುಗಳದು ಇನ್ನೊಂದು. ಗದುಗಿನ ಬಸ್ ನಿಲ್ದಾಣದ ಮುಂದೆ ಬಿಸಿ ಬಿಸಿ ಮಿರ್ಚಿಭಜಿ ಕೈಗಿಟ್ಟರೆ ನೀವೂ ನಾನೂ ಬಾಯಿಗೆ ಹಾಕಿಕೊಳ್ಳುತ್ತೇವೆ. ಇವನು ಮೊದಲು ಒಂದು ಕಣ್ಣು ಮುಚ್ಚಿ, ಮಿರ್ಚಿಯನ್ನು ಇನ್ನೊಂದು ಕಣ್ಣಿನ ಮಟ್ಟಕ್ಕೆ ಹಿಡಿದು, ಮೂತಿಯಿಂದ ತೊಟ್ಟಿನವರೆಗೆ ಪರೀಕ್ಷೆ ಮಾಡುತ್ತಾನೆ. "ಮುಂದ ಹಗೂರ ಐತಿ, ಹಾರಿದ್ರ ಪಲ್ಟಿ ಹೊಡಿತೈತಿ" ಎಂದು ತೀರ್ಪು ಕೊಟ್ಟ ಮೇಲೆಯೇ ತಿನ್ನುವುದು. ನಾನು ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ನೋಡಿ, ಇವನ ತಲೆ ಭಾರವಿದೆ, ನೆಟ್ಟಗೆ ಮುಂದೆ ಹೋಗುತ್ತಾನೆ ಅಂದಿದ್ದನಂತೆ. ಎಷ್ಟು ಮುಂದೆ ಹೋದೆ ಅನ್ನುತ್ತೀರಿ? ಗದುಗಿಗೆ ಅಂಟಿಕೊಂಡ ಬೆಟಗೇರಿಯವರೆಗೆ! ಅಲ್ಲೊಂದು ಔಷಧದ ಅಂಗಡಿ ಇಟ್ಟುಕೊಂಡು ಕುಳಿತಿದ್ದೇನೆ.

ಸೋದರಮಾವನನ್ನು ಏಕವಚನದಲ್ಲಿ ಕರೆಯುವುದು ನಮ್ಮ ಕಡೆ ಅಳಿಯನ ಹಕ್ಕು. ಅವನಿಗೆ ಅರವತ್ತೆಂಟು ದಾಟಿದರೂ ಆ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ.

ಮಾವನಿಗೆ ಮುಳಗುಂದದ ಹತ್ತಿರ ಕರಿಮಣ್ಣಿನ ಎರಿ ಹೊಲವಿದೆ. ಬೆಳೆಗೆ ಬೀಳುವ ಹಂದಿ, ಚಿಗರಿಗಳನ್ನು ಬೆದರಿಸಲೆಂದು ಅವರಪ್ಪನ ಕಾಲದ ಒಂದು ಲೈಸೆನ್ಸ್ ಬಂದೂಕೂ ಇದೆ. ಸಿನಿಮಾದಲ್ಲಿ ಟಪಟಪ ಹಾರಿಸುವಂಥದ್ದು ಅಂದುಕೊಳ್ಳಬೇಡಿ. ಇದರ ಬಾಯಿಯಿಂದಲೇ ಕರಿಮದ್ದು ಸುರಿಯಬೇಕು. ಆಮೇಲೆ ಬಟ್ಟೆ ಸುತ್ತಿದ ಸೀಸದ ಗುಂಡನ್ನು ಇಟ್ಟು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಬುಡದವರೆಗೆ ಜಡಿಯಬೇಕು. ಗುಂಡು ಬಿಗಿಯಾಗಿದ್ದಷ್ಟೂ ನೆಟ್ಟಗೆ ಹೋಗುತ್ತದೆ. ಬಿಗಿಯಾಗಿದ್ದಷ್ಟೂ ಜಡಿಯುವವನ ರಟ್ಟೆ ಬಿದ್ದುಹೋಗುತ್ತದೆ. ನಲವತ್ತು ವರ್ಷದಲ್ಲಿ ಮಾವ ಒಂದೇ ಒಂದು ಹಂದಿಯನ್ನೂ ಹೊಡೆದವನಲ್ಲ. ಬರಿಯ ಮದ್ದು ತುಂಬಿ ಸದ್ದು ಮಾಡುತ್ತಾನೆ. ಹಂದಿಗಳಿಗೂ ಈ ಸಂಗತಿ ತಿಳಿದುಹೋಗಿದೆ. ಸದ್ದಾದಾಗ ತಲೆಯೆತ್ತಿ ನೋಡಿ, ಇವನೇ ಎಂದು ಖಾತ್ರಿಯಾದ ಮೇಲೆ ಮತ್ತೆ ಶೇಂಗಾ ಕೆದರುತ್ತವೆ!

ಹಾಗಾದರೆ ಸೀಸದ ಗುಂಡು ಯಾತಕ್ಕೆ? ದಸರೆಯ ಬನ್ನಿ ಹಬ್ಬದ ಮರುದಿನಕ್ಕೆ. ಶಿರಹಟ್ಟಿಯ ಆಚೆ ಕೆಲಸ ನಿಂತುಹೋದ ಒಂದು ಕಲ್ಲಿನ ಕ್ವಾರಿ ಇದೆ. ಆ ದಿನ ನಾಲ್ಕು ಮಂದಿ ಹಳೆಯ ಲೈಸೆನ್ಸುದಾರರು ಠಾಣೆಗೆ ಅರ್ಜಿ ಕೊಟ್ಟು, ಒಬ್ಬ ಪೊಲೀಸಪ್ಪನನ್ನು ಎದುರಿಗೆ ಕೂರಿಸಿಕೊಂಡು, ನೂರು ಹೆಜ್ಜೆ ಆಚೆ ನೀರು ತುಂಬುವ ಮಣ್ಣಿನ ಹರವಿ ಇಟ್ಟು ಗುರಿ ಹೊಡೆಯುತ್ತಾರೆ. ನೂರು ಹೆಜ್ಜೆ ಇಂಥ ಬಂದೂಕಿಗೆ ಬಹಳ ದೂರ. ಐವತ್ತು ದಾಟಿದ ಮೇಲೆ ಗುಂಡು ತನ್ನ ಮನಸ್ಸಿಗೆ ಬಂದ ಕಡೆ ಹೊರಟುಬಿಡುತ್ತದೆ. ಒಬ್ಬೊಬ್ಬರಿಗೆ ಮೂರು ಗುಂಡು. ನಿಯಮ ಒಂದೇ, ತನ್ನ ಬಂದೂಕನ್ನು ತಾನೇ ತುಂಬಬೇಕು. ಬೇರೆಯವರ ಕೈ ತಾಗಿತೋ, ಆಟದಿಂದ ಹೊರಗೆ. ಗೆದ್ದವನಿಗೆ ಏನು ಸಿಗುತ್ತದೆ? ಉಳಿದ ಮೂವರು ಅವನಿಗೆ ಮೊದಲು ಬನ್ನಿ ಎಲೆ ಕೊಟ್ಟು ಕೈಮುಗಿಯಬೇಕು, ಅಷ್ಟೇ! ಅಷ್ಟಕ್ಕಾಗಿ ವರ್ಷಪೂರ್ತಿ ನಿದ್ದೆಗೆಡುತ್ತಾರೆ.

ಹನ್ನೊಂದು ವರ್ಷದಿಂದ ಆ ಬನ್ನಿ ಶಿರಹಟ್ಟಿಯ ಒಬ್ಬ ಕಾಳಿನ ವ್ಯಾಪಾರಿಯ ಕೈಗೇ ಹೋಗುತ್ತಿತ್ತು. ನಾವೆಲ್ಲ ಅವರನ್ನು ಸಾಹುಕಾರರು ಎನ್ನುತ್ತೇವೆ. ಮಾವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ದಿನಕ್ಕೆರಡು ಸಲ ಫೋನಿನಲ್ಲಿ ಜಗಳಾಡದಿದ್ದರೆ ಇಬ್ಬರಿಗೂ ಅನ್ನ ಸೇರುವುದಿಲ್ಲ. ಸಾಹುಕಾರರದು ಗೋಲಿಯಂಥ ಸಾದಾ ಗುಂಡು ಮತ್ತು ಎತ್ತಿನಂಥ ರಟ್ಟೆ. ಬಿಗಿಯಾಗಿ ಜಡಿದರು, ಹೊಡೆದರು, ಹರವಿ ಚೂರಾಯಿತು. ಮಾವನ ರಟ್ಟೆ ಅಷ್ಟು ಗಟ್ಟಿಯಲ್ಲ. ಆದ್ದರಿಂದ ಅವನು ಬುದ್ಧಿಯ ದಾರಿ ಹಿಡಿದ. ತಪ್ಪು ಗುಂಡಿನ ಆಕಾರದ್ದು ಎಂದು ತೀರ್ಮಾನಿಸಿಬಿಟ್ಟ!

ಬಳಪದ ಕಲ್ಲಿನ ಎರಡು ಹೋಳು ತಂದು, ಪ್ರತಿಯೊಂದರಲ್ಲೂ ಅರ್ಧರ್ಧ ಆಕಾರ ಕೆತ್ತಿ, ಎರಡನ್ನೂ ಕೂಡಿಸಿ, ಮೇಲಿನ ತೂತಿನಿಂದ ಕರಗಿದ ಸೀಸ ಹೊಯ್ದರೆ ಬೇಕಾದಂಥ ಗುಂಡು ಸಿದ್ಧ. ಮೊದಲನೆಯದು ಮಿರ್ಚಿ ಆಕಾರ. ಅದು ನೂರು ಹೆಜ್ಜೆಯ ಮಾತಿರಲಿ, ಮೂವತ್ತು ಹೆಜ್ಜೆಗೇ ಹಾದಿ ತಪ್ಪಿತು. ಎರಡನೆಯದಕ್ಕೆ ಪ್ರೇರಣೆ ಸಿಕ್ಕಿದ್ದು ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ. ಅಲ್ಲಿ ಒಬ್ಬ ನೇಕಾರರ ಮಗ್ಗದ ಮುಂದೆ ಮಾವ ಬೆಳಗಿನಿಂದ ಸಂಜೆಯವರೆಗೆ ಕೂತು ಲಾಳಿಯನ್ನೇ ನೋಡಿದ. ಎರಡೂ ತುದಿ ಚೂಪು, ನಡುವೆ ದಪ್ಪ. ದಿನಕ್ಕೆ ಸಾವಿರ ಸಲ ಓಡಾಡುತ್ತದೆ, ಒಂದು ಸಲವಾದರೂ ಪಲ್ಟಿ ಹೊಡೆಯುತ್ತದೆಯೇ? ಅದರ ಕೆಳಗೆ ಹಲಗೆ ಇದೆಯಲ್ಲರೀ ಎಂದು ನೇಕಾರರು ಹೇಳಿದ್ದು ಮಾವನ ಕಿವಿಗೆ ಬೀಳಲೇ ಇಲ್ಲ. ಗೆಲುವಿನ ಗುಂಗಿನಲ್ಲಿದ್ದವನಿಗೆ ಏನು ತಾನೇ ಕೇಳಿಸುತ್ತದೆ?

ಲಾಳಿ ಗುಂಡಿನ ಪರೀಕ್ಷೆಗೆ ಹೊಲಕ್ಕೆ ನನ್ನನ್ನೂ ಕರೆದೊಯ್ದ. ಹಳೆಯ ಚಕ್ಕಡಿಯ ಹಲಗೆಗೆ ಐದು ಗುಂಡು ಹೊಡೆದ. ಹೋಗಿ ನೋಡಿದರೆ ಎರಡು ಎಲ್ಲಿ ಹೋದವೋ ಗೊತ್ತಿಲ್ಲ, ಮೂರು ಅಡ್ಡಡ್ಡ ಹೊಕ್ಕಿದ್ದವು. ಹಲಗೆಯಲ್ಲಿ ಮೂರು ಉದ್ದುದ್ದ ತೂತು! ಮಾವ ಬೆರಳಿಟ್ಟು ಸವರಿ, ಪಾಪ, ಅರ್ಧ ದಾರಿಯಲ್ಲಿ ಮಲಗಿಕೊಂಡಿದೆ ಅಂದ. ಆರನೆಯದನ್ನು ಹಾರಿಸಿದಾಗ ನಗು ನಿಂತುಹೋಯಿತು. ಪಕ್ಕದ ಹೊಲದ ಬೇವಿನ ಗಿಡದಿಂದ ಒಂದು ಟೊಂಗೆ ಲಟ್ಟನೆ ಮುರಿದು ಬಿತ್ತು. ಅದರ ಬುಡದಲ್ಲಿ ಪಕ್ಕದ ಹೊಲದವರು ಬುತ್ತಿಗಂಟು, ನೀರಿನ ಕ್ಯಾನು ಇಟ್ಟಿದ್ದರು. ಮನುಷ್ಯರು ಎಲ್ಲಿ? ಮಾವ ಬಂದೂಕು ನೆಲಕ್ಕಿಟ್ಟು ಆ ವಯಸ್ಸಿನಲ್ಲಿ ಹೆಂಟೆಗಳ ಮೇಲೆ ಎದ್ದುಬಿದ್ದು ಓಡಿದ. ಪುಣ್ಯಕ್ಕೆ ಅವರು ಹೊಲದ ಇನ್ನೊಂದು ತುದಿಯಲ್ಲಿ ಕಳೆ ತೆಗೆಯುತ್ತಿದ್ದರು. ಮಾವ ಅವರನ್ನು ಎಣಿಸಿದ. ಮೂವರೂ ಇದ್ದರು. ಮತ್ತೊಮ್ಮೆ ಎಣಿಸಿದ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿಂದೊಮ್ಮೆ ಮದ್ದು ಹೊತ್ತಿಸುವ ಕೇಪಿನ ಕಿಡಿ ಸಿಡಿದು ಮಾವನ ಹುಬ್ಬು ಸುಟ್ಟುಹೋದಂದಿನಿಂದ ಬಂದೂಕು ಹೊರಗೆ ತೆಗೆದರೆ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮಾವನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿ ಹೇಳಿದಳು. "ಈ ಸಲದ ಬನ್ನಿತನಕಾ ಬಿಟ್ಟೇನಿ. ಗೆದ್ರ ಇಟ್ಗೋರಿ, ನಾ ಮತ್ತ ಬಾಯಿ ತೆಗ್ಯೂದಿಲ್ಲ. ಸೋತ್ರ ಬಂದೂಕು ಠಾಣೆಕ್ಕ ಕೊಟ್ಟು, ಲೈಸನ್ಸ್ ಬ್ಯಾಡಂತ ಬರದು ಕೊಟ್ಟು ಬರಬೇಕು."

ಮಾವ ಜಗಲಿ ಮುಟ್ಟಿ ಒಪ್ಪಿಕೊಂಡ. ಅಪ್ಪ ಕೈಯಾರೆ ಕೊಟ್ಟ ಬಂದೂಕು ಅದು. ಅದರ ಕಟ್ಟಿಗೆಯ ಹಿಡಿಗೆ ಪ್ರತಿ ಸೋಮವಾರ ಎಣ್ಣೆ ಸವರುತ್ತಾನೆ. ಹನ್ನೊಂದು ಸಲ ಸೋತವನು ಹನ್ನೆರಡನೆಯ ಸಲ ಗೆಲ್ಲುವುದು ಹೇಗೆ? ಅಂದಿನಿಂದ ಪರೀಕ್ಷೆಯೇನಿದ್ದರೂ ಕ್ವಾರಿಯಲ್ಲೇ, ಠಾಣೆಗೆ ಹೇಳಿಯೇ.

ಹೀಗಿರುವಾಗ ಬೇಸಿಗೆಯಲ್ಲಿ ಸಾಹುಕಾರರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತೂ ಉಳಿಯಿತು, ಬಲಗೈ ಮಾತ್ರ ಹೋಯಿತು. ಸುದ್ದಿ ಕೇಳಿ ನನಗೆ ಬೇಸರವಾದದ್ದು ಖರೆ. ಆದರೆ ಔಷಧದ ಅಂಗಡಿಯವನ ಬುದ್ಧಿ ನೋಡಿ, ಬೇಸರದ ಬೆನ್ನಿಗೇ ಲೆಕ್ಕವೂ ಬಂತು. ಇನ್ನು ಆ ಗುಂಡನ್ನು ಜಡಿಯುವವರು ಯಾರು? ಮಾವನ ದಾರಿ ಸಲೀಸು! ಬಂದೂಕು ಉಳಿಯಿತು! ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಮಾವನಿಗೆ ಹೇಳಿಬಿಟ್ಟೆ. ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಎದ್ದು ಹೋದ. ನಾಲ್ಕು ದಿನ ನನ್ನ ಅಂಗಡಿಯ ಕಡೆ ಸುಳಿಯಲಿಲ್ಲ.

ಐದನೆಯ ದಿನದಿಂದ ಹುಚ್ಚು ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಎದುರಾಳಿಯೇ ಇಲ್ಲದ ಮೇಲೆ ಇದೆಲ್ಲ ಯಾತಕ್ಕೆ? ಹೊಸ ಹೊಸ ಆಕಾರದ ಗುಂಡು ಎರಕ ಹೊಯ್ದು, ಮಾಳಿಗೆ ಹತ್ತಿ, ಅಂಗಳದ ಹಸಿಮಣ್ಣಿಗೆ ಒಂದೊಂದಾಗಿ ಬಿಡುತ್ತಿದ್ದ. ಮೂತಿ ಕೆಳಗಾಗಿ ಬಿದ್ದರೆ ಪಾಸು, ಅಡ್ಡ ಬಿದ್ದರೆ ನಪಾಸು. ಅತ್ತೆ ಅಂಗಳ ದಾಟಬೇಕಾದರೆ ತಲೆಯ ಮೇಲೆ ಹಿತ್ತಾಳೆ ಪರಾತ ಹೊತ್ತುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಪರಾತಕ್ಕೆ ಠಣ್ಣೆಂದು ಬಿತ್ತು. ಮೇಲಿನಿಂದ ಮಾವ ಕೇಳಿದ್ದು ಪೆಟ್ಟಾಯಿತೇ ಎಂದಲ್ಲ, ಮೂತಿ ಬಿತ್ತೋ ಬಾಲ ಬಿತ್ತೋ ಎಂದು!

ಅದೇ ವಾರ ನನ್ನ ಅಂಗಡಿಗೆ ಬಂದ. ಗಿರಾಕಿಗಳು ನಿಂತಿದ್ದಾರೆ. ಒಬ್ಬ ತಾಯಿ ಮಗುವಿನ ಜ್ವರಕ್ಕೆಂದು ಹಿಂಭಾಗದೊಳಗೆ ಇಡುವ, ಗುಂಡಿನಂಥ ಚೂಪು ಮೂತಿಯ ಔಷಧ ತೆಗೆದುಕೊಳ್ಳುತ್ತಿದ್ದಳು. ಮಾವ ಅದನ್ನು ಅವಳ ಕೈಯಿಂದ ಈಸಿಕೊಂಡು, ಕಣ್ಣಿಗೆ ಹಿಡಿದು, ಎಂಥ ಚಂದದ ಮೂತಿ ಅಂತೀನಿ ಎಂದು ಹೊಗಳತೊಡಗಿದ. ಇದನ್ನು ಮಾಡಿದವನು ದೊಡ್ಡ ಗುರಿಕಾರನೇ ಇರಬೇಕು, ಎಷ್ಟು ಹೆಜ್ಜೆಯಿಂದ ಹೊಡೆಯುತ್ತಾರೆ ಎಂದು ಗಂಭೀರವಾಗಿ ಕೇಳಿದ. ಆ ತಾಯಿ ಅದನ್ನು ಕಸಿದುಕೊಂಡು ಹೋದವಳು ಮತ್ತೆ ನನ್ನ ಅಂಗಡಿಯ ಕಡೆ ಬಂದಿಲ್ಲ. ನಾನು ಒಂದು ಪಟ್ಟಿ ಅದೇ ಔಷಧ ಕೊಟ್ಟು ಅವನನ್ನು ಸಾಗಹಾಕಿದೆ. ಅವನು ಔಷಧ ಚೆಲ್ಲಿ, ಪ್ಲಾಸ್ಟಿಕ್ಕಿನ ಟೊಳ್ಳು ಕವಚ ಮಾತ್ರ ಇಟ್ಟುಕೊಂಡನಂತೆ.

ಆ ಟೊಳ್ಳೇ ಅವನ ಕಣ್ಣು ತೆರೆಸಿತು. ಹೊಸ ಗುಂಡಿಗೆ ಮೂತಿ ಗಟ್ಟಿ, ಬಾಲ ಟೊಳ್ಳು. ಮಾಳಿಗೆಯಿಂದ ಹತ್ತು ಸಲ ಬಿಟ್ಟರೆ ಹತ್ತು ಸಲವೂ ಮೂತಿ ಕೆಳಗೆ! ಇನ್ನೂ ಒಂದು ಗುಟ್ಟಿತ್ತು. ಮದ್ದು ಹೊತ್ತಿದಾಗ ಹಿಂದಿನ ತೆಳ್ಳನೆಯ ಅಂಚು ಅರಳಿ ನಳಿಗೆಯ ಗೋಡೆಗೆ ಒತ್ತುತ್ತದೆ. ಆದ್ದರಿಂದ ಗುಂಡು ನಳಿಗೆಗಿಂತ ಕೊಂಚ ಸಣ್ಣದಿದ್ದರೂ ನಡೆಯುತ್ತದೆ. ಬಟ್ಟೆ ಸುತ್ತುವುದು ಬೇಡ, ಜಡಿಯುವುದೂ ಬೇಡ. "ಹೋಗೂವಾಗ ಸಡ್ಲ, ಬರೂವಾಗ ಬಿಗಿ. ತಿಳೀತೇನಲೇ?" ಎಂದು ನನ್ನ ಬೆನ್ನಿಗೊಂದು ಗುದ್ದಿದ. ತಿಳಿಯಿತು ಅಂದೆ. ಏನೂ ತಿಳಿದಿರಲಿಲ್ಲ.

ಇದಕ್ಕೆ ಮೆತ್ತಗಿನ ಸೀಸವೇ ಬೇಕು. ಗದುಗಿನ ಮುಚ್ಚಿಹೋದ ಅಚ್ಚುಕೂಟದಿಂದ ತಂದ ಸೀಸದ ಹಳೆಯ ಅಕ್ಷರದ ಮೊಳೆಗಳು ಕಲ್ಲಿನಂತೆ ಗಟ್ಟಿ, ಅರಳುವುದಿಲ್ಲ. ಹಳೆಯ ನಳದ ಕೊಳವೆಯ ಸೀಸ ಹುಡುಕಿಕೊಂಡು ಲಕ್ಷ್ಮೇಶ್ವರದ ಗುಜರಿಗಳನ್ನೆಲ್ಲ ಜಾಲಾಡಿದ. ಒಂದು ದಿನ ಕ್ವಾರಿಗೆ ಅವನ ಜೊತೆ ಹೋದಾಗ ನೋಡಿದೆ, ಬರಿಯ ಎಡಗೈಯಲ್ಲಿ ಬಂದೂಕು ತುಂಬುತ್ತಿದ್ದಾನೆ! ಬಲಗೈ ಹೆಗಲಿನ ಟವೆಲಿನಲ್ಲಿ ಕಟ್ಟಿಕೊಂಡಿದ್ದಾನೆ. ಏನಾಯಿತು ಅಂದರೆ, ರಟ್ಟೆ ನೋಯುತ್ತದೆ ಅಂದ. ನಾನು ಅಂಗಡಿಯಿಂದ ಒಳ್ಳೆಯ ನೋವಿನ ಮುಲಾಮು ತಂದುಕೊಟ್ಟೆ. ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಬನ್ನಿಗೆ ವಾರವಿದೆ ಎನ್ನುವಾಗ ಕೊನೆಯ ಆರು ಗುಂಡುಗಳನ್ನು ನನ್ನ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿದ. ಇವು ಮೊದಲಿನವುಗಳಿಗಿಂತ ದಪ್ಪವಾಗಿವೆಯಲ್ಲ, ನಿನ್ನ ನಳಿಗೆಗೆ ಹೋಗುತ್ತವೆಯೇ ಅಂದೆ. ಸೀಸ ಬಿಸಿಲಿಗೆ ಉಬ್ಬಿರಬೇಕು ಅಂದ. ನಂಬಿದೆ!

ಆ ದಿನ ಬಂತು. ಕ್ವಾರಿಯ ಅಂಚಿಗೆ ನಾಲ್ಕು ಗೋಣಿಚೀಲಗಳಲ್ಲಿ ಮರಳು ತುಂಬಿ ಇಟ್ಟಿದ್ದರು, ಬಂದೂಕಿನ ನಳಿಗೆ ಊರಿ ಹೊಡೆಯಲು. ಪೊಲೀಸಪ್ಪ ನೆರಳು ಹುಡುಕಿ ಕೂತಿದ್ದ. ಆಟದ ಉಳಿದಿಬ್ಬರಲ್ಲಿ ಲಕ್ಷ್ಮೇಶ್ವರದವರು ಬಂದರು, ಮುಂಡರಗಿಯವರು ಬಂದರು. ನಾಲ್ಕನೆಯ ಚೀಲ ಖಾಲಿ ಇರುತ್ತದೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಸಾಹುಕಾರರು ಇಳಿದರು. ಮಗಳು ಒಂದು ಕಡೆ ಹಿಡಿದಿದ್ದಳು. ಬಲಗೈ ಅಂಗಿಯ ತೋಳಿನಲ್ಲಿ ಸುಮ್ಮನೆ ಜೋತಾಡುತ್ತಿತ್ತು. ಎಡಗೈಯಲ್ಲಿ ಬಂದೂಕು. ಮುಖ ಅರ್ಧಕ್ಕರ್ಧ ಇಳಿದುಹೋಗಿತ್ತು.

ಮೊದಲ ಸರದಿ ಮಾವನದು. ವರ್ಷಪೂರ್ತಿ ಆಕಾರ ಹುಡುಕಿದವನು ಜೇಬಿನಿಂದ ತೆಗೆದದ್ದು ಏನು ಗೊತ್ತೇ? ಸಾದಾ ಗೋಲಿಯಂಥ ಗುಂಡು! ನನಗೆ ತಲೆ ಕೆಟ್ಟುಹೋಯಿತು. ಬಟ್ಟೆ ಸುತ್ತಿ, ಎರಡೂ ಕೈಯಿಂದ ಹಲ್ಲು ಕಚ್ಚಿ ಜಡಿದ. ಮೊದಲನೆಯದು ಹರವಿಯ ಪಕ್ಕದ ಕಲ್ಲಿಗೆ ಬಡಿಯಿತು. ಎರಡನೆಯದಕ್ಕೆ ಹರವಿ ಚೂರು. ಹೊಸ ಹರವಿ ಇಟ್ಟರು. ಮೂರನೆಯದಕ್ಕೂ ಚೂರು! ಅವನ ಜನ್ಮದಲ್ಲಿ ಎರಡು ಹರವಿ ಒಡೆದದ್ದು ಅದೇ ಮೊದಲು. ಲಕ್ಷ್ಮೇಶ್ವರದವರು ಒಂದು ಒಡೆದರು. ಮುಂಡರಗಿಯವರು ಕ್ವಾರಿಯನ್ನು ಮಾತ್ರ ಹೊಡೆದರು. ಇನ್ನುಳಿದವರು ಸಾಹುಕಾರರು. ಅವರಿಗೆ ತುಂಬಲಿಕ್ಕಾಗದಿದ್ದರೆ ಮಾವ ಗೆದ್ದ ಹಾಗೆ, ಬಂದೂಕು ಮನೆಯಲ್ಲೇ ಉಳಿದ ಹಾಗೆ. ಮಾವ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಸಾಹುಕಾರರು ಬಂದೂಕನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಎಡಗೈಯಿಂದ ಮದ್ದು ಸುರಿದರು. ಬಟ್ಟೆ ಸುತ್ತಿದ ಗುಂಡನ್ನು ಬಾಯಿಗಿಟ್ಟು ಸಲಾಕೆಯಿಂದ ಒತ್ತಿದರು. ಅದು ಒಳಗಿಳಿಯಲಿಲ್ಲ. ಮತ್ತೆ ಒತ್ತಿದರು. ಸಲಾಕೆ ಜಾರಿತು, ಗುಂಡು ನೆಲಕ್ಕೆ ಬಿತ್ತು. ಮಗಳು ಎತ್ತಿಕೊಡಲು ಬಗ್ಗಿದಳು, ಅವರು ಬೇಡವೆಂದು ತಲೆಯಾಡಿಸಿ ತಾವೇ ಎತ್ತಿಕೊಂಡರು. ಮೂರನೆಯ ಸಲ ಒತ್ತುವಾಗ ಅವರ ಕುತ್ತಿಗೆಯ ನರ ಉಬ್ಬಿ, ಕಣ್ಣಿನಲ್ಲಿ ನೀರು ಬಂತು. ಲಕ್ಷ್ಮೇಶ್ವರದವರು ಮೆಲ್ಲಗೆ, ಸಾಹುಕಾರರ, ಈ ವರ್ಷ ಕುಂತು ನೋಡ್ರಲಾ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಸಾಹುಕಾರರ ಮುಖ ನೋಡಲಾಗಲಿಲ್ಲ.

ಆಗ ನಮ್ಮ ಮಾವ ಎದ್ದ. ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಸಾಹುಕಾರರ ಮುಂದಿನ ಚೀಲದ ಮೇಲಿಟ್ಟ.

"ನಿನ್ನ ನಳಿಗಿ ಅಳತಿಗೆ ಹೊಯ್ದೇನಿ. ಮ್ಯಾಲಿಂದ ಬಿಡು, ತಾನ ಇಳಿತೈತಿ."

ನನಗೆ ಹೊಳೆದದ್ದು ಆಗ. ಆ ಗುಂಡುಗಳು ದಪ್ಪವಾಗಿದ್ದದ್ದು ಸಾಹುಕಾರರ ಬಂದೂಕಿನ ನಳಿಗೆ ಮಾವನದಕ್ಕಿಂತ ದೊಡ್ಡದೆಂಬ ಕಾರಣಕ್ಕೆ. ಎಡಗೈಯಲ್ಲಿ ತುಂಬಿ ತುಂಬಿ ನೋಡಿದ್ದು ಒಂದೇ ಕೈಯಿಂದ ಆಗುತ್ತದೋ ಇಲ್ಲವೋ ಎಂದು. ನಾನು ಅದಕ್ಕೆ ಮುಲಾಮು ಕೊಟ್ಟಿದ್ದೆ! ತಾನು ಗೋಲಿ ಗುಂಡು ಹಾಕಿದ್ದು ಹೊಸ ಆಕಾರವನ್ನು ಗೆಳೆಯನಿಗೇ ಮೀಸಲಿಟ್ಟಿದ್ದರಿಂದ. ಮತ್ತೆ ಅತ್ತೆಗೆ ಕೊಟ್ಟ ಮಾತು? ಅದನ್ನು ಹೇಳಲೆಂದು ಬಾಯಿ ತೆರೆದೆ. ಸಾಹುಕಾರರಿಗೆ ಆ ಮಾತು ಗೊತ್ತಾಗಿದ್ದರೆ ಅವರು ಗುಂಡು ಮುಟ್ಟುತ್ತಿರಲಿಲ್ಲ. ಮಾವ ನನ್ನ ಕಡೆ ತಿರುಗಿ ನೋಡಿದ. ಬಾಯಿ ಮುಚ್ಚಿದೆ.

ಲಕ್ಷ್ಮೇಶ್ವರದವರು ಇದು ನಿಯಮಕ್ಕೆ ಕೂಡುತ್ತದೆಯೇ ಎಂದು ಕೇಳಿದರು. ಕೈ ಮುಟ್ಟಬಾರದು ಅಂತ ನಿಯಮ, ಗುಂಡು ಯಾರದಿರಬೇಕು ಅಂತ ಎಲ್ಲಿದೆ ಎಂದ ಮಾವ. ಪೊಲೀಸಪ್ಪನೂ ಹೌದೆಂದ. ಸಾಹುಕಾರರು ಗುಂಡನ್ನು ನಳಿಗೆಗೆ ಬಿಟ್ಟರು. ಅದು ತನ್ನ ಭಾರಕ್ಕೆ ತಾನೇ ಸರ್ರನೆ ಇಳಿಯಿತು. ಎಡಗೈಯಿಂದ ಸಲಾಕೆ ಒಂದಿಷ್ಟು ಒತ್ತಿದರು, ಮುಗಿಯಿತು. ಅವರು ಮಾವನನ್ನು ನೋಡಿದರು. ಮಾವ ಆಕಾಶ ನೋಡುತ್ತಿದ್ದ.

ಮೊದಲನೆಯದಕ್ಕೆ ಹರವಿ ಒಡೆಯಿತು. ಎರಡನೆಯದಕ್ಕೂ ಒಡೆಯಿತು. ಇಬ್ಬರೂ ಸಮ. ಮೂರನೆಯದರ ಹೊತ್ತಿಗೆ ಎಡಗೈ ದಣಿದಿತ್ತು. ತಪ್ಪಲಿ ದೇವರೇ ಎಂದು ನಾನು ಬೇಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಮಾವ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಅವನು ಬೇಡಿಕೊಂಡದ್ದೇನೋ ನನಗೆ ಗೊತ್ತಿಲ್ಲ, ಆದರೆ ದೇವರು ಕೇಳಿದ್ದು ಅವನ ಮಾತನ್ನೇ. ಹೊಗೆ ಕರಗಿದಾಗ ಹರವಿ ಇರಲಿಲ್ಲ.

ಎಲ್ಲರಿಗಿಂತ ಮೊದಲು ಮಾವನೇ ಹೋಗಿ ಸಾಹುಕಾರರ ಎಡಗೈಗೆ ಬನ್ನಿ ಕೊಟ್ಟ. ಅವರು ಅದನ್ನು ಬಿಗಿಯಾಗಿ ಹಿಡಿದುಕೊಂಡು, "ಲೇ, ಹರವಿ ಒಡದದ್ದು ನಾನಲ್ಲೋ, ನೀನು" ಅಂದರು. ಮುದುಕರಿಬ್ಬರೂ ಬಹಳ ಹೊತ್ತು ಕೈ ಬಿಡಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ನಾನೇ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಆ ಮಾತು ನಾನು ವಾಪಸು ತೆಗೆದುಕೊಂಡೆ, ಬಂದೂಕು ಇರಲಿ ಅಂದಳು. ಮಾವ ಒಪ್ಪಲಿಲ್ಲ. ನಿನ್ನ ಮಾತು ನೀನು ತೆಗೆದುಕೊಳ್ಳಬಹುದು, ಜಗಲಿ ಮುಟ್ಟಿ ನಾನು ಕೊಟ್ಟದ್ದನ್ನು ತೆಗೆದುಕೊಳ್ಳಲು ಬರುವುದಿಲ್ಲ ಅಂದ. ಬೇವಿನ ಟೊಂಗೆ ಬಿದ್ದ ದಿನದಿಂದ ತನಗೂ ನಿದ್ದೆ ಇಲ್ಲ ಎಂದೂ ಹೇಳಿದ. ಸೋಮವಾರ ನಾನೇ ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಠಾಣೆಯಲ್ಲಿ ಬಂದೂಕು ಕೊಡುವ ಮುಂಚೆ ಅದರ ಹಿಡಿಯನ್ನು ಅಂಗೈಯಿಂದ ಒಮ್ಮೆ ಸವರಿದ.

ಆಮೇಲೆ ಎಂಟು ದಿನ ಅವನು ಪಡಸಾಲೆಯ ಕಂಬಕ್ಕೆ ಒರಗಿ ಕೂತೇ ಇದ್ದ. ಯಾವ ವಸ್ತುವನ್ನೂ ಒಂದು ಕಣ್ಣು ಮುಚ್ಚಿ ನೋಡಲಿಲ್ಲ. ಇಷ್ಟು ವರ್ಷ ಅವನ ಹುಚ್ಚಿಗೆ ನಕ್ಕ ನಾನೇ ಒಂದು ಮಿರ್ಚಿ ತಂದು ಕೈಗಿಟ್ಟರೆ, ಹಾಗೇ ಬಾಯಿಗೆ ಹಾಕಿಕೊಂಡ. ಒಂಬತ್ತನೆಯ ದಿನ ನಾನು ಹೋದಾಗ ಹಿತ್ತಲಿನಿಂದ ಹೊಗೆ ಬರುತ್ತಿತ್ತು. ಒಲೆ ಹೊತ್ತಿಸಿದವಳು ಅತ್ತೆ. ಬಾಗಿಲಲ್ಲಿ ನಿಂತು ಮಾವನಿಗೆ ಹೇಳಿದಳು.

"ಏಳ್ರಿ, ಸೀಸ ಕರಗೇತಿ. ಸಾಹುಕಾರ್ರ ಹಂತ್ಯಾಕ ಇನ್ನ ಮೂರ ಗುಂಡು ಉಳದಾವಂತ. ಬರೂ ಬನ್ನಿತನಕಾ ಅವರು ಏನ್ ಹಾಕಿ ರೂಢಿ ಮಾಡಬೇಕು?"

ಮಾವ ಅವಳ ಮುಖವನ್ನೇ ನೋಡುತ್ತ ಎದ್ದ. ಒಲೆಯ ಮುಂದೆ ಕೂತು ಕರಗಿದ ಸೀಸ ಎತ್ತಿಕೊಂಡ. ಬಳಪದ ಕಲ್ಲಿನ ಎರಡು ಹೋಳು ಕೂಡಿಸಿ ಇಕ್ಕಳದಿಂದ ಬಿಗಿಯಾಗಿ ಹಿಡಿದವಳು ಅತ್ತೆಯೇ.

"ಸಾವಕಾಶ ಹೊಯ್ರಿ," ಅಂದಳು, "ನಾ ಹಿಡದೇನಿ."